ರಾಜಕೀಯ ವಿಡಂಬನೆಯ ನಾಟಕ, ಅದರ ಮೊದಲ ಪ್ರಯೋಗದ ಫೋಟೋಗಳು: ನೋಡುವುದು ಹೇಗೆ, ಉಳಿಸುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆಯ ರಂಗಾಸಕ್ತರ ವಾಟ್ಸಾಪ್ ಗುಂಪುಗಳಲ್ಲಿ ಈಗ ಹಳೆಯ ನಾಟಕದ ಫೋಟೋಗಳದ್ದೇ ಓಡಾಟ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬಣ್ಣ ಹಚ್ಚಿದವರಿಗೆ ಈಗ ವಯಸ್ಸಾಗಿದೆ. ಹಳೇ ಮನೆ ಕೆಡವುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರಲ್ಲಿ ಮದುವೆ ಆಲ್ಬಮ್ಮಿನ ಜೊತೆ ಒಂದು ಕವರ್ ಸಿಗುತ್ತದೆ. ಕವರಿನೊಳಗೆ ಜುಬ್ಬಾ, ಟೋಪಿ ಹಾಕಿಕೊಂಡ ಒಬ್ಬ ‘ಮಂತ್ರಿ’, ಪಕ್ಕದಲ್ಲಿ ಫೈಲು ಹಿಡಿದ ‘ಪಿ.ಎ.’, ಎದುರಿಗೆ ಬಗ್ಗಿ ನಿಂತ ‘ಕಂಟ್ರಾಕ್ಟರ್’. ಮೊಮ್ಮಗ ಅದನ್ನು ಮೊಬೈಲಿನಲ್ಲಿ ತೆಗೆದು, ಆಪ್‌ನಲ್ಲಿ ಬಣ್ಣ ತುಂಬಿ ಗುಂಪಿಗೆ ಹಾಕುತ್ತಾನೆ. ಕೆಳಗೆ ಒಂದೇ ಸಾಲು: ‘ಮೊದಲ ಪ್ರಯೋಗದ ಅಪರೂಪದ ಫೋಟೋ’. ಸಂಜೆಯೊಳಗೆ ಅದು ಊರೆಲ್ಲ ಸುತ್ತಿರುತ್ತದೆ. ಯಾರೋ ಅದಕ್ಕೆ ಬೇರೆ ನಾಟಕದ ಹೆಸರು ಕೊಡುತ್ತಾರೆ. ಇನ್ಯಾರೋ ಆ ‘ಮಂತ್ರಿ’ ಇಂಥವರೇ ಎಂದು ಹೇಳಿ ಈಗಿನ ಜಗಳಕ್ಕೆ ಎಳೆದು ತರುತ್ತಾರೆ.

ಇಂಥ ಫೋಟೋ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಅದು ನಿಜಕ್ಕೂ ಮೊದಲ ಪ್ರಯೋಗದ್ದೇ ಎಂದು ತಿಳಿಯುವುದು ಹೇಗೆ? ಮನೆಯಲ್ಲಿ ಅಂಥ ಒಂದು ಕವರ್ ಸಿಕ್ಕರೆ ಏನು ಮಾಡಬೇಕು? ಇಲ್ಲಿ ಒಂದೊಂದಾಗಿ ನೋಡೋಣ.

## ಮೊದಲ ಪ್ರಯೋಗ ಅಂದರೆ ಯಾವುದು?

ಇಲ್ಲೇ ಮೊದಲ ಗೊಂದಲ. ಒಂದು ತಂಡ ಹೊಸ ನಾಟಕವನ್ನು ಕೈಗೆತ್ತಿಕೊಳ್ಳುತ್ತದೆ. ನಿರ್ದೇಶಕರು ಪಾತ್ರ ಹಂಚುತ್ತಾರೆ. ತಾಲೀಮು ನಡೆಯುತ್ತದೆ. ಬಟ್ಟೆ, ಬೆಳಕು, ರಂಗಸಜ್ಜಿಕೆ, ಹಾಡು ಎಲ್ಲ ಕೂಡಿಕೊಂಡು ಒಂದು ರೂಪ ಬರುತ್ತದೆ. ಆ ರೂಪಕ್ಕೆ ಮೊದಲ ಪ್ರಯೋಗ ಎನ್ನುತ್ತೇವೆ. ಅದೇ ರೂಪದಲ್ಲಿ ಹಾಸನದಲ್ಲಿ ಒಂದು ಆಟ, ಅರಸೀಕೆರೆಯಲ್ಲಿ ಒಂದು, ಕಡೂರಿನಲ್ಲಿ ಇನ್ನೊಂದು ನಡೆಯಬಹುದು. ಅವುಗಳಲ್ಲಿ ಮೊದಲ ದಿನದ ಆಟ ಮೊದಲ ಪ್ರದರ್ಶನ. ಬೇರೆ ಕಡೆ ಆಗಲೇ ಆಡಿದ್ದ ನಾಟಕವನ್ನು ನಮ್ಮೂರ ಹುಡುಗರು ಹೊಸದಾಗಿ ಕಟ್ಟಿ ಆಡಿದರೆ ಅದು ನಮ್ಮೂರಿಗೆ ಮೊದಲು, ನಾಟಕಕ್ಕೆ ಅಲ್ಲ. ಫೋಟೋ ಕೆಳಗೆ ‘ಮೊದಲ ಪ್ರಯೋಗ’ ಎಂದು ಬರೆಯುವವರು ಈ ಮೂರನ್ನೂ ಕಲಸಿಬಿಡುತ್ತಾರೆ.

ಜಗತ್ತಿನ ದೊಡ್ಡ ನಾಟಕಗಳಿಗೂ ಇದೇ ಗತಿ. ಜರ್ಮನ್ ನಾಟಕಕಾರ ಬ್ರೆಕ್ಟ್‌ನ ‘ಮದರ್ ಕರೇಜ್’ ಎಂದರೆ ನಟಿ ಹೆಲೆನ್ ವೈಗೆಲ್ ಬಂಡಿ ಎಳೆಯುವ ಬರ್ಲಿನ್ ಫೋಟೋವೇ ಎಲ್ಲರ ಕಣ್ಣಿಗೆ ಬರುವುದು. ಆ ಪ್ರಯೋಗ ನಡೆದದ್ದು 1949ರ ಜನವರಿಯಲ್ಲಿ. ಆದರೆ ನಾಟಕ ಮೊದಲು ರಂಗಕ್ಕೆ ಬಂದದ್ದು 1941ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅಲ್ಲಿ ಆ ಪಾತ್ರ ಮಾಡಿದವರು ಥೆರೇಸ್ ಗೀಸೆ. ಜಾಸ್ತಿ ಫೋಟೋ ಯಾವ ಪ್ರಯೋಗಕ್ಕೆ ಇರುತ್ತದೋ ಅದೇ ಮೊದಲನೆಯದು ಎಂಬ ನಂಬಿಕೆ ತಾನಾಗಿಯೇ ಬೆಳೆದುಬಿಡುತ್ತದೆ.

## ಮಾತು ಪುಸ್ತಕದಲ್ಲಿದೆ, ಫೋಟೋ ಯಾಕೆ ಬೇಕು?

ಯಾವ ನಾಟಕಕ್ಕಾದರೂ ಫೋಟೋ ಇದ್ದರೆ ಒಳ್ಳೆಯದೇ. ರಾಜಕೀಯ ವಿಡಂಬನೆಗೆ ಮಾತ್ರ ಅದು ತೀರಾ ಬೇಕು. ಕಾರಣ ಸರಳ. ವಿಡಂಬನೆಯ ಅರ್ಧ ಭಾಗ ಮಾತಿನಲ್ಲಿ ಇರುವುದೇ ಇಲ್ಲ.

ನಟ ವೇದಿಕೆಗೆ ಬರುತ್ತಾನೆ. ಇನ್ನೂ ಬಾಯಿ ತೆರೆದಿಲ್ಲ. ಜನ ಆಗಲೇ ನಗುತ್ತಿದ್ದಾರೆ. ಯಾಕೆ? ಅವನು ಟೋಪಿ ಇಟ್ಟುಕೊಂಡ ರೀತಿ, ಶಾಲು ಹೊದ್ದ ರೀತಿ, ಕೈ ಬೀಸುವ ರೀತಿ ಆ ಕಾಲದ ಒಬ್ಬ ನಾಯಕರದ್ದು. ಪುಸ್ತಕದಲ್ಲಿ ಇರುವುದು ‘ಮಂತ್ರಿ ಬರುತ್ತಾನೆ’ ಎಂಬ ಎರಡು ಪದ ಅಷ್ಟೆ. ಬೇಕೆಂದೇ ಹಾಗೆ ಬರೆದಿರುತ್ತಾರೆ. ಹೆಸರು ಬರೆದರೆ ತೊಂದರೆ, ಅಲ್ವಾ? ಹಾಗಾಗಿ ಹೆಸರನ್ನು ಬಟ್ಟೆಯಲ್ಲಿ, ಮೀಸೆಯಲ್ಲಿ, ಕನ್ನಡಕದಲ್ಲಿ ಹೇಳುತ್ತಾರೆ. ಐವತ್ತು ವರ್ಷ ಬಿಟ್ಟು ಪುಸ್ತಕ ಓದುವವನಿಗೆ ಅದು ಕಾಣುವುದಿಲ್ಲ. ಫೋಟೋ ನೋಡಿದವನಿಗೆ ಕಾಣುತ್ತದೆ.

ನಮ್ಮಲ್ಲೇ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಇದೆಯಲ್ಲ. ಲಂಚ, ಓಟು, ಅಧಿಕಾರಿ, ಮಂತ್ರಿ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡ ನಾಟಕ ಅದು. ಸಾವಿರಾರು ಬಾರಿ ರಂಗಕ್ಕೆ ಬಂದಿದೆ. ಅದನ್ನು ನೋಡಿದ ಯಾರನ್ನಾದರೂ ಕೇಳಿ, ಒಂದು ದಿನದ ಆಟ ಇನ್ನೊಂದು ದಿನ ಇರುತ್ತಿರಲಿಲ್ಲ ಎನ್ನುತ್ತಾರೆ. ಬೆಳಗಿನ ಪೇಪರಿನಲ್ಲಿ ಬಂದ ಸುದ್ದಿ ರಾತ್ರಿಯ ಮಾತಿನಲ್ಲಿ ಬರುತ್ತಿತ್ತು. ಇಂಥ ನಾಟಕಕ್ಕೆ ‘ಇದೇ ಸರಿಯಾದ ಪಠ್ಯ’ ಎಂದು ಒಂದು ಪುಸ್ತಕ ತೋರಿಸುವುದು ಕಷ್ಟ. 2019ರ ಮೇ ತಿಂಗಳಲ್ಲಿ ಹಿರಣ್ಣಯ್ಯನವರು ತೀರಿಕೊಂಡರು. ಅವರ ದನಿಯ ಕ್ಯಾಸೆಟ್, ವಿಡಿಯೋ ಉಳಿದಿವೆ. ಆದರೆ ವಿಡಿಯೋ ಬರುವ ಮೊದಲಿನ ದಶಕಗಳಲ್ಲಿ ರಂಗದ ಮೇಲೆ ಯಾರು ಎಲ್ಲಿ ನಿಂತಿದ್ದರು, ಹಿಂದೆ ಯಾವ ಪರದೆ ಇತ್ತು ಎಂದು ತೋರಿಸಬಲ್ಲದ್ದು ಫೋಟೋ ಒಂದೇ.

ಬ್ರೆಕ್ಟ್ ಈ ವಿಷಯವನ್ನು ಬೇಗ ಅರ್ಥ ಮಾಡಿಕೊಂಡಿದ್ದರು. 1948ರಲ್ಲಿ ಸ್ವಿಟ್ಜರ್ಲೆಂಡಿನ ಕೂರ್ ಎಂಬ ಊರಿನಲ್ಲಿ ಅವರು ‘ಆಂಟಿಗೊನೆ’ ಆಡಿಸಿದಾಗ ಅವರ ಸಹೋದ್ಯೋಗಿ ರೂತ್ ಬೆರ್ಲಾವ್ ಅದರ ಫೋಟೋಗಳನ್ನು ತೆಗೆದರು. ಅಂದವಾದ ನಾಲ್ಕು ಫೋಟೋ ಅಲ್ಲ, ದೃಶ್ಯದಿಂದ ದೃಶ್ಯಕ್ಕೆ ಆಟ ಹೇಗೆ ಸಾಗಿತು ಎಂದು ತೋರಿಸುವ ಸರಣಿ. ಮಾತು ಮತ್ತು ಫೋಟೋ ಜೊತೆಗಿಟ್ಟು ‘ಮಾದರಿ ಪುಸ್ತಕ’ ಮಾಡಿದರು. ಮುಂದೆ ‘ಮದರ್ ಕರೇಜ್’ಗೂ ಹಾಗೇ ಮಾಡಿದರು.

ಆ ಪುಸ್ತಕದಿಂದಲೇ ನಮಗೆ ಒಂದು ವಿಷಯ ಸಿಗುತ್ತದೆ. ಸೈನಿಕರು ಮಗನನ್ನು ಗುಂಡಿಟ್ಟು ಕೊಲ್ಲುವ ಸದ್ದು ಕರೇಜ್ ಎಂಬ ತಾಯಿಗೆ ಕೇಳಿಸುತ್ತದೆ. ವೈಗೆಲ್ ಅಲ್ಲಿ ತಲೆಯನ್ನು ಹಿಂದಕ್ಕೆ ಬಗ್ಗಿಸಿ ಬಾಯಿ ಅಗಲಿಸಿದರು. ಸದ್ದೇ ಹೊರಡಲಿಲ್ಲ. ನಾಟಕದ ಪಠ್ಯದಲ್ಲಿ ಈ ಕೂಗು ಇಲ್ಲ. ಸಿಂಗಾಪುರದ ಮೇಲೆ ಗುಂಡಿನ ದಾಳಿ ನಡೆದಾಗ ಸತ್ತ ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತ ಒಬ್ಬ ಭಾರತೀಯ ತಾಯಿಯ ಪತ್ರಿಕಾ ಫೋಟೋದಿಂದ ಅದು ಬಂದಿರಬೇಕು ಎಂದು ಬ್ರೆಕ್ಟ್ ಬರೆದಿದ್ದಾರೆ. ಒಂದು ಪತ್ರಿಕೆಯ ಫೋಟೋ ನಟಿಯ ದೇಹಕ್ಕೆ ಇಳಿಯಿತು. ಆ ದೇಹ ಮತ್ತೆ ಫೋಟೋ ಆಗಿ ನಮಗೆ ಉಳಿಯಿತು. ಇದನ್ನು ಓದಿದ ಮೇಲೆ ನಾಟಕದ ಫೋಟೋವನ್ನು ಸುಮ್ನೆ ನೆನಪಿನ ವಸ್ತು ಎಂದು ನೋಡಲು ನನಗಂತೂ ಆಗಿಲ್ಲ.

ಹಿಟ್ಲರನನ್ನು ಷಿಕಾಗೋದ ಪುಂಡನನ್ನಾಗಿ ಮಾಡಿ ಬ್ರೆಕ್ಟ್ 1941ರಲ್ಲಿ ಬರೆದ ‘ಆರ್ತುರೋ ಉಯಿ’ ಪಕ್ಕಾ ರಾಜಕೀಯ ವಿಡಂಬನೆ. ಅದರಲ್ಲಿ ಒಬ್ಬ ಮುದಿ ನಟ ಪುಂಡನಿಗೆ ಹೇಗೆ ನಡೆಯಬೇಕು, ಹೇಗೆ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ಪಾಠ ಹೇಳಿಕೊಡುತ್ತಾನೆ. ಪಾಠ ಮುಗಿಯುವ ಹೊತ್ತಿಗೆ ಎದುರಿಗೆ ಹಿಟ್ಲರನೇ ನಿಂತಿರುತ್ತಾನೆ. ಆ ನಿಲುವನ್ನು ಮಾತಿನಲ್ಲಿ ಬರೆದು ತೋರಿಸಲು ಹೋದರೆ ಪುಟ ತುಂಬುತ್ತದೆ. ಫೋಟೋದಲ್ಲಿ ಒಂದು ನೋಟಕ್ಕೆ ತಿಳಿಯುತ್ತದೆ. ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1958ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ಬ್ರೆಕ್ಟ್ ಅಷ್ಟರಲ್ಲಿ ತೀರಿಕೊಂಡಿದ್ದರು.

## ಹಳೇಬೀಡಿನ ಫೋಟೋ ಇದೆ, ನಾಟಕದ್ದು ಯಾಕಿಲ್ಲ?

ಹಾಸನ ಜಿಲ್ಲೆಯಲ್ಲಿ ಫೋಟೋ ತೆಗೆಯುವುದು ಎಷ್ಟು ಹಳೆಯದು ಗೊತ್ತಾ? ಹಳೇಬೀಡಿನ ದೇವಸ್ಥಾನವನ್ನು ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ 1850ರ ದಶಕದಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದ. ಆ ಫೋಟೋಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಬಂತು. ಫೋಟೋಗ್ರಫಿ ಜಗತ್ತಿಗೆ ತಿಳಿದದ್ದೇ 1839ರಲ್ಲಿ. ಇಪ್ಪತ್ತು ವರ್ಷದೊಳಗೆ ಅದು ಹಳೇಬೀಡಿಗೆ ಬಂದಿತ್ತು.

ಆದರೆ ಕಲ್ಲು ಅಲ್ಲಾಡುವುದಿಲ್ಲ, ಹಗಲು ಬೆಳಕಿಗೆ ಕೊರತೆಯಿಲ್ಲ. ನಾಟಕಕ್ಕೆ ಎರಡೂ ಉಲ್ಟಾ. ರಾತ್ರಿ ನಡೆಯುತ್ತದೆ, ನಟ ಓಡಾಡುತ್ತಾನೆ. ಕ್ಯಾಮೆರಾ ತನ್ನೊಳಗೆ ಬೆಳಕು ಬಿಟ್ಟುಕೊಳ್ಳುವ ಹೊತ್ತು ಹೆಚ್ಚಾದಷ್ಟೂ ಅಲ್ಲಾಡಿದ್ದೆಲ್ಲ ಕಲಸಿಹೋಗುತ್ತದೆ. ಹೊತ್ತು ಕಡಿಮೆ ಮಾಡಿದರೆ ಬೆಳಕು ಸಾಲದೆ ಫೋಟೋ ಕಪ್ಪಾಗುತ್ತದೆ. ಇಡೀ ರಂಗಭೂಮಿ ಫೋಟೋಗ್ರಫಿಯ ಕಥೆ ಈ ಎರಡರ ನಡುವಿನ ಜಗ್ಗಾಟ.

ರಷ್ಯಾದ ಗೊಗೊಲ್ ಬರೆದ ‘ಇನ್ಸ್‌ಪೆಕ್ಟರ್ ಜನರಲ್’ ಲಂಚಕೋರ ಅಧಿಕಾರಿಗಳನ್ನು ಗೇಲಿ ಮಾಡುವ ನಾಟಕ. ಮೊದಲ ಪ್ರದರ್ಶನ 1836ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಚಕ್ರವರ್ತಿ ಮೊದಲನೇ ನಿಕೊಲಾಸ್ ಎದುರಿಗೇ. ಕೊನೆಗೆ ಎಲ್ಲ ಪಾತ್ರಗಳೂ ಕಲ್ಲಿನಂತೆ ನಿಂತುಬಿಡುವ ಮೂಕ ದೃಶ್ಯ ಇದೆ. ಅದು ಹೆಚ್ಚುಕಮ್ಮಿ ಒಂದೂವರೆ ನಿಮಿಷ ಇರಬೇಕು ಎಂದು ಗೊಗೊಲ್ ಬರೆದಿಟ್ಟಿದ್ದಾನೆ. ಫೋಟೋಗೆ ಹೇಳಿಮಾಡಿಸಿದಂಥ ದೃಶ್ಯ. ಆದರೆ ಫೋಟೋ ಬರಲು ಇನ್ನೂ ಮೂರು ವರ್ಷ ಬಾಕಿ. ರಷ್ಯಾದ ನಿರ್ದೇಶಕ ಮೇಯರ್‌ಹೋಲ್ಡ್ 1926ರಲ್ಲಿ ಇದೇ ನಾಟಕವನ್ನು ಹೊಸದಾಗಿ ಕಟ್ಟಿದಾಗ ಆ ದೃಶ್ಯಕ್ಕೆ ನಟರ ಬದಲು ಬೊಂಬೆಗಳನ್ನೇ ನಿಲ್ಲಿಸಿದರು. ಅದರ ಫೋಟೋಗಳಿವೆ. ಮೊದಲನೆಯದು ಹೇಗಿತ್ತು ಎಂಬುದಕ್ಕೆ ಬರವಣಿಗೆ, ಚಿತ್ರಗಳನ್ನೇ ನಂಬಬೇಕು.

ನಮ್ಮ ಕಡೆ ಸ್ಟುಡಿಯೋದವರ ಹತ್ತಿರ ಎಷ್ಟೋ ಕಾಲ ಇದ್ದದ್ದು 120 ರೋಲಿನ ಕ್ಯಾಮೆರಾ. ಚೌಕದ ಫೋಟೋ, ಒಂದು ರೋಲಿಗೆ 12. ಫಿಲ್ಮ್ ದುಬಾರಿ. ಪೂರ್ವ ಜರ್ಮನಿಯ ಓರ್ವೋ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’, ಸಿಕ್ಕರೆ ಕೊಡಕ್. ನಾಟಕ ಎರಡೂವರೆ ಗಂಟೆ ನಡೆದರೂ ಫೋಟೋ ಹತ್ತೋ ಹನ್ನೆರಡೋ. ಅದರಲ್ಲೂ ಉದ್ಘಾಟನೆಯ ದೀಪ, ಮುಖ್ಯ ಅತಿಥಿಗೆ ಹಾರ, ಕೊನೆಗೆ ಗ್ರೂಪ್ ಫೋಟೋ ಕಳೆದರೆ ನಾಟಕಕ್ಕೆ ಉಳಿಯುವುದು ನಾಲ್ಕೈದು. ಆ ನಾಲ್ಕೈದು ಎಷ್ಟು ಬೆಲೆಬಾಳುತ್ತವೆ ಎಂದು ಈಗ ಅರ್ಥವಾಗುತ್ತದೆ.

## ಆಟದ ನಡುವೆ ತೆಗೆದದ್ದೋ, ಪೋಸ್ ಕೊಟ್ಟದ್ದೋ?

ನಾಟಕದ ಫೋಟೋಗಳು ಮುಖ್ಯವಾಗಿ ಮೂರು ಹೊತ್ತಿನಲ್ಲಿ ಹುಟ್ಟುತ್ತವೆ: ತಾಲೀಮಿನಲ್ಲಿ, ಆಟ ನಡೆಯುವಾಗ, ಆಟಕ್ಕೆ ಮೊದಲೋ ನಂತರವೋ ನಟರನ್ನು ನಿಲ್ಲಿಸಿ. ಮೂರೂ ಬೇಕಾದವೇ. ಆದರೆ ಮೂರೂ ಹೇಳುವ ಸತ್ಯ ಬೇರೆ ಬೇರೆ.

ಗುರುತಿಸಲು ಮೊದಲು ನೆರಳು ನೋಡಿ. ನಟನ ಹಿಂದಿನ ಪರದೆ ಮೇಲೆ ಗಡುಸಾದ ಕಪ್ಪು ನೆರಳು ಅಂಟಿಕೊಂಡಂತೆ ಬಿದ್ದಿದ್ದರೆ ಅದು ಫ್ಲಾಶ್. ಫ್ಲಾಶ್ ಹೊಡೆದ ಫೋಟೋದಲ್ಲಿ ಮುಖ ಸ್ಪಷ್ಟ, ಮೇಕಪ್ ಸ್ಪಷ್ಟ. ಆದರೆ ಆ ದೃಶ್ಯಕ್ಕೆ ನಿರ್ದೇಶಕರು ಕೊಟ್ಟ ಬೆಳಕು ಪೂರ್ತಿ ಅಳಿಸಿಹೋಗಿರುತ್ತದೆ. ಇಂಥ ಫೋಟೋ ನೋಡಿ ‘ಆ ಕಾಲದಲ್ಲಿ ಬೆಳಕಿನ ವಿನ್ಯಾಸವೇ ಇರಲಿಲ್ಲ’ ಎನ್ನುವವರಿದ್ದಾರೆ. ಅದು ತಪ್ಪು ತೀರ್ಮಾನ. ಫ್ಲಾಶ್ ಇಲ್ಲದೆ ರಂಗದ ಬೆಳಕಲ್ಲೇ ತೆಗೆದ ಫೋಟೋದಲ್ಲಿ ಕಾಳು ಕಾಳು ಕಾಣುತ್ತದೆ, ಬೀಸಿದ ಕೈ ಮಂಜಾಗಿರುತ್ತದೆ, ಮೂಲೆಗಳು ಕತ್ತಲು. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ‘ಚೆನ್ನಾಗಿ ಬಂದಿಲ್ಲ’ ಎಂದು ಎಸೆಯುವುದು ಇವನ್ನೇ. ದಯವಿಟ್ಟು ಎಸೆಯಬೇಡಿ. ಪ್ರೇಕ್ಷಕರು ಕಂಡದ್ದಕ್ಕೆ ಹತ್ತಿರ ಇರುವುದು ಈ ಮಂಜು ಫೋಟೋಗಳೇ.

ನಟರೆಲ್ಲ ಕ್ಯಾಮೆರಾ ಕಡೆ ಮುಖ ಮಾಡಿ, ಕತ್ತಿ ಎತ್ತಿ, ಅಲುಗಾಡದೆ ನಿಂತಿದ್ದರೆ ಪೋಸ್ ಕೊಟ್ಟದ್ದು. ಅದರಿಂದ ಬಟ್ಟೆ, ಮೀಸೆ, ಟೋಪಿ ತಿಳಿಯುತ್ತದೆ. ಯಾರು ಎಲ್ಲಿ ನಿಂತು ಮಾತಾಡಿದರು ಎಂಬುದಕ್ಕೆ ಅದನ್ನು ನಂಬಬೇಡಿ. ಅಗಲದಲ್ಲಿ ಹಿಡಿಸಲಿ ಎಂದು ಫೋಟೋಗ್ರಾಫರು ನಟರನ್ನು ಹತ್ತಿರ ಹತ್ತಿರ ನಿಲ್ಲಿಸಿರುತ್ತಾರೆ.

ಗ್ರೂಪ್ ಫೋಟೋವನ್ನು ಜನ ಹಗುರವಾಗಿ ನೋಡುತ್ತಾರೆ. ನನಗೆ ಅದು ಬಹಳ ಇಷ್ಟ. ಹಾರ್ಮೋನಿಯಂನವರು, ಮೇಕಪ್‌ನವರು, ಪ್ರಾಂಪ್ಟರ್, ಪರದೆ ಎಳೆದ ಹುಡುಗ, ಎಲ್ಲರೂ ಒಟ್ಟಿಗೆ ಸಿಗುವುದು ಅಲ್ಲಿ ಮಾತ್ರ. ರಾಜಕೀಯ ನಾಟಕವಾದರೆ ಇನ್ನೊಂದು ಲಾಭ. ನಡುವೆ ಕುರ್ಚಿಯಲ್ಲಿ ಕೂತ ಮುಖ್ಯ ಅತಿಥಿ ಯಾರು ಎಂದು ನೋಡಿ. ಊರಿನ ರಾಜಕಾರಣಿಯೇ ಕೂತಿದ್ದರೆ, ತಮ್ಮಂಥವರನ್ನು ಗೇಲಿ ಮಾಡಿದ ತಂಡದ ಜೊತೆ ಕೂತು ಫೋಟೋ ತೆಗೆಸಿಕೊಳ್ಳುವ ಸಂಬಂಧ ಆ ಊರಲ್ಲಿ ಇತ್ತು ಎಂದು ತಿಳಿಯುತ್ತದೆ.

## ಮುಂಭಾಗ ನೋಡಿದ್ದಾಯಿತು, ಈಗ ಹಿಂದೆ ತಿರುಗಿಸಿ

ಕಾಲ ತಿಳಿಯಲು ಫೋಟೋದ ಬೆನ್ನು ಬಹಳ ಸಲ ಮುಖಕ್ಕಿಂತ ಜಾಸ್ತಿ ಹೇಳುತ್ತದೆ. ಸ್ಟುಡಿಯೋ ಸೀಲ್ ಇದೆಯಾ ನೋಡಿ. ಸೀಲಿನಲ್ಲಿ ಹಾಸನದ 573201 ಅಥವಾ ಚಿಕ್ಕಮಗಳೂರಿನ 577101 ಎಂಬ ಪಿನ್‌ಕೋಡ್ ಇದ್ದರೆ ಆ ಪ್ರಿಂಟು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಪಿನ್‌ಕೋಡ್ ಜಾರಿಗೆ ಬಂದದ್ದೇ ಅವತ್ತು. ಪಿನ್‌ಕೋಡ್ ಇಲ್ಲ ಎಂದ ಮಾತ್ರಕ್ಕೆ ಹಳೆಯದು ಎನ್ನಲು ಬರುವುದಿಲ್ಲ. ಹಳೇ ಸೀಲನ್ನೇ ವರ್ಷಗಟ್ಟಲೆ ಒತ್ತುತ್ತಿದ್ದರು.

ವೇದಿಕೆಯ ಹಿಂದಿನ ಬ್ಯಾನರ್ ಓದಿ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು ಎನ್ನಬಹುದು. ಅವತ್ತು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಬ್ಯಾನರಿನ ಅರ್ಧ ನಟನ ತಲೆ ಹಿಂದೆ ಮರೆಯಾಗಿದ್ದರೆ ಅದೇ ಆಟದ ಇನ್ನೊಂದು ಫೋಟೋದಲ್ಲಿ ಉಳಿದರ್ಧ ಸಿಗಬಹುದು. ಕಟ್ಟನ್ನು ಬಿಡಿಬಿಡಿ ಮಾಡಬಾರದು ಎನ್ನುವುದು ಇದಕ್ಕೇ.

ಒಂದು ಎಚ್ಚರಿಕೆ. ನಟನ ಬಟ್ಟೆ ನೋಡಿ ವರ್ಷ ಹೇಳಬೇಡಿ. ನಾಟಕದ ಬಟ್ಟೆ ಬೇರೆ ಕಾಲದ್ದಾಗಿರಬಹುದು. ಸಫಾರಿ ಸೂಟ್ ತೊಟ್ಟ ಮಂತ್ರಿ ಎಪ್ಪತ್ತರ ದಶಕದವನೂ ಆಗಬಹುದು, ಎಪ್ಪತ್ತರ ದಶಕವನ್ನು ಗೇಲಿ ಮಾಡುವ ತೊಂಬತ್ತರ ನಾಟಕದವನೂ ಆಗಬಹುದು. ಮುಂದಿನ ಸಾಲಿನ ಪ್ರೇಕ್ಷಕರ ಬಟ್ಟೆ ಮಾತ್ರ ಆ ದಿನದ್ದೇ.

ನೆಗೆಟಿವ್ ಸಿಕ್ಕರೆ ಅದೃಷ್ಟ. ಕಿಟಕಿ ಬೆಳಕಿಗೆ ಹಿಡಿಯಿರಿ. 35 ಎಂ.ಎಂ. ಫಿಲ್ಮಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು ಇರುತ್ತದೆ. ಪಕ್ಕದಲ್ಲಿ ಅಂಕಿ: 7, 7ಎ, 8, 8ಎ. ಈ ಅಂಕಿ ಕಾರ್ಖಾನೆಯಲ್ಲೇ ಮೂಡಿಸಿದ್ದು, ಯಾರೂ ಬದಲಾಯಿಸಲು ಬರುವುದಿಲ್ಲ. ಅದರ ಪ್ರಕಾರ ಜೋಡಿಸಿದರೆ ಯಾವ ದೃಶ್ಯದ ನಂತರ ಯಾವ ದೃಶ್ಯ ಎಂದು ಸಿಗುತ್ತದೆ. ಅಚ್ಚಾದ ಪುಸ್ತಕದಲ್ಲಿ ಇಲ್ಲದ ದೃಶ್ಯವೊಂದು 14 ಮತ್ತು 16ರ ನಡುವೆ ಕಂಡರೆ ಕೇಳಬೇಕಾದ ಪ್ರಶ್ನೆ ಹುಟ್ಟಿತು: ಇದು ಮೊದಲ ಪ್ರಯೋಗದಲ್ಲಿ ಇತ್ತೇ? ಆಮೇಲೆ ಯಾಕೆ ಬಿಟ್ಟರು? ವಿಡಂಬನೆಯ ನಾಟಕದಲ್ಲಿ ದೃಶ್ಯ ಬಿಡುವುದಕ್ಕೆ ಕಾರಣ ಉದ್ದವಾಯಿತು ಎಂಬುದೂ ಇರಬಹುದು, ಯಾರೋ ಬೇಡ ಎಂದರು ಎಂಬುದೂ ಇರಬಹುದು. ಬಿಡಿ ಪ್ರಿಂಟುಗಳಲ್ಲಿ ಈ ಸರಣಿ ಸಿಗುವುದು ಕಷ್ಟ.

## ಪುಣೆಯ ಒಂದು ಉದಾಹರಣೆ

ಮೊದಲ ಪ್ರಯೋಗವನ್ನೇ ಬೇರೆ ಮಾಡಿ ಗುರುತಿಸಬೇಕು ಎನ್ನುವುದಕ್ಕೆ ವಿಜಯ್ ತೆಂಡುಲ್ಕರ್ ಅವರ ‘ಘಾಶೀರಾಮ್ ಕೋತ್ವಾಲ್’ ಒಳ್ಳೆಯ ಉದಾಹರಣೆ. ಪೇಶ್ವೆಗಳ ಕಾಲದ ಪುಣೆಯನ್ನು ಮುಂದಿಟ್ಟುಕೊಂಡು, ಅಧಿಕಾರದಲ್ಲಿರುವವರು ತಮ್ಮ ಕೆಲಸಕ್ಕೆ ಒಬ್ಬ ಕ್ರೂರಿಯನ್ನು ಬೆಳೆಸಿ ಕೊನೆಗೆ ಅವನನ್ನೇ ಬಲಿ ಕೊಡುವುದನ್ನು ತೋರಿಸುವ ಮರಾಠಿ ನಾಟಕ. ಜಬ್ಬಾರ್ ಪಟೇಲ್ ನಿರ್ದೇಶನದಲ್ಲಿ ಪ್ರೊಗ್ರೆಸಿವ್ ಡ್ರಾಮಾಟಿಕ್ ಅಸೋಸಿಯೇಷನ್ ಇದನ್ನು 1972ರ ಡಿಸೆಂಬರ್ 16ರಂದು ಪುಣೆಯಲ್ಲಿ ಮೊದಲು ಆಡಿತು. ಮೋಹನ್ ಅಗಾಶೆ ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸನ ಪಾತ್ರ ಮಾಡಿದ್ದರು. ಸಾಲಾಗಿ ನಿಂತ ಬ್ರಾಹ್ಮಣ ವೇಷದ ನಟರೇ ಗೋಡೆಯಾಗುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಪರದೆಯ ಕೆಲಸವನ್ನೂ ಅವರೇ ಮಾಡುತ್ತಾರೆ.

ವಿವಾದ ಎದ್ದಿತು. 19 ಪ್ರದರ್ಶನಗಳ ನಂತರ ಸಂಸ್ಥೆಯೇ ನಾಟಕವನ್ನು ನಿಲ್ಲಿಸಿತು. ನಟರು, ತಂತ್ರಜ್ಞರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಕಟ್ಟಿಕೊಂಡರು. 1974ರ ಜನವರಿಯಿಂದ ನಾಟಕ ಮತ್ತೆ ಶುರುವಾಗಿ ವರ್ಷಗಟ್ಟಲೆ ನಡೆಯಿತು. 1980ರಲ್ಲಿ ಯುರೋಪಿಗೂ ಹೋಯಿತು. ನಡುವೆ 1976ರಲ್ಲಿ ಇದೇ ಹೆಸರಿನ ಸಿನಿಮಾ ಬಂತು.

ಈಗ ‘ಘಾಶೀರಾಮ್ ಮೊದಲ ಪ್ರಯೋಗ’ ಎಂದು ಒಂದು ಫೋಟೋ ನಿಮ್ಮ ಮೊಬೈಲಿಗೆ ಬಂದರೆ ಅದು ಮೊದಲ ಆ 19 ಆಟಗಳಲ್ಲಿ ಒಂದರದ್ದೇ? 1974ರ ನಂತರದ್ದೇ? ಯುರೋಪಿನದೇ? ಸಿನಿಮಾದ್ದೇ? ರಂಗದ ಮೇಲೆ ಪ್ರತಿ ಸಲವೂ ನಿರ್ದೇಶಕರು ಜಬ್ಬಾರ್ ಪಟೇಲರೇ, ನಾನಾ ಪಾತ್ರಕ್ಕೆ ಸಿನಿಮಾದಲ್ಲೂ ಅಗಾಶೆಯವರೇ, ನಿಲ್ಲುವ ಸಾಲೂ ಅದೇ. ಮುಖ ನೋಡಿ ಹೇಳಲು ಬರುವುದಿಲ್ಲ. ನಾಟಕ ನಿಲ್ಲುವುದಕ್ಕೆ ಮೊದಲು ಹೇಗಿತ್ತು, ಮತ್ತೆ ಶುರುವಾದ ಮೇಲೆ ಏನಾದರೂ ಬದಲಾಯಿತೇ ಎಂದು ಹುಡುಕುವವರಿಗೆ ಫೋಟೋದ ಹಿಂದಿನ ಒಂದು ತಾರೀಖೇ ಎಲ್ಲ.

ಜಮೀನಿಗೆ ಪಹಣಿ ಇದ್ದ ಹಾಗೆ ಫೋಟೋಗೆ ಈ ವಿವರ. ಪಹಣಿ ಇಲ್ಲದ ಜಮೀನೂ ಜಮೀನೇ. ಆದರೆ ಯಾರು ಬೇಕಾದರೂ ಬಂದು ನನ್ನದು ಎನ್ನಬಹುದು.

ನಮ್ಮ ಊರಿಗೂ ಇದನ್ನು ಹೋಲಿಸಿ ನೋಡಬಹುದು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭೆ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತರು. ವೀರೇಂದ್ರ ಪಾಟೀಲರ ವಿರುದ್ಧ ಗೆದ್ದರು. ಪತ್ರಿಕೆಯಲ್ಲಿ ಬಂದ ಆ ಚುನಾವಣೆಯ ಫೋಟೋಗೆ ತಾರೀಖು, ಊರು, ಅಡಿಬರಹ ಎಲ್ಲ ಇರುತ್ತದೆ. ಅದೇ ಕಾಲದ ರಾಜಕೀಯವನ್ನು ಕಾಲೇಜು ಡೇಯಲ್ಲೋ ಗಣೇಶನ ಪೆಂಡಾಲಿನಲ್ಲೋ ಗೇಲಿ ಮಾಡಿದ ಹುಡುಗರ ಫೋಟೋಗೆ ಇವೊಂದೂ ಇರುವುದಿಲ್ಲ.

## ಮಲೆನಾಡಿನ ತೇವ, ಬೂಷ್ಟು, ವಿನೆಗರ್ ವಾಸನೆ

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫೋಟೋ ಮತ್ತು ನೆಗೆಟಿವ್ ಮೇಲಿನ ಪದರ ಜೆಲಟಿನ್. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಬೂಷ್ಟಿಗೆ ಅದು ಊಟ.

ಬೂಷ್ಟು ಹಿಡಿದ ನೆಗೆಟಿವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ. ಒಣಗಿದ ಜಾಗದಲ್ಲಿ ಕೆಲವು ದಿನ ಇಟ್ಟು, ಮೆತ್ತನೆ ಬ್ರಷ್‌ನಲ್ಲಿ ಹಗುರಕ್ಕೆ ಸವರಿದರೆ ಸಾಕು. ಬಿಸಿಲಿಗೆ ಹಾಕಬೇಡಿ, ಸುರುಟಿಕೊಳ್ಳುತ್ತದೆ. ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ತಳವೇ ಕೆಡಲು ಶುರುವಾಗಿದೆ ಎಂದು ಅರ್ಥ. ಅದು ಪಕ್ಕದ ಫಿಲ್ಮಿಗೂ ಹರಡುತ್ತದೆ. ಬೇರೆ ಮಾಡಿ, ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ.

ಎಪ್ಪತ್ತು ಎಂಬತ್ತರ ದಶಕದ ಕಲರ್ ಪ್ರಿಂಟುಗಳು ಕೆಂಪಗಾಗಿರುವುದನ್ನು ನೋಡಿರುತ್ತೀರಿ. ಅದರಲ್ಲಿನ ನೀಲಿ ಹಸಿರು ಬಣ್ಣ ಕತ್ತಲಲ್ಲಿಟ್ಟರೂ ಮಾಸುತ್ತದೆ, ಕೆಂಪು ಉಳಿಯುತ್ತದೆ. ಸರಿಯಾಗಿ ತೊಳೆದ ಕಪ್ಪು ಬಿಳುಪು ಪ್ರಿಂಟು ಅದಕ್ಕಿಂತ ಗಟ್ಟಿ. ಹಾಗಾಗಿ ಕಲರ್ ಫೋಟೋಗೆ ಅವಸರ ಜಾಸ್ತಿ.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಳೇ ಆಲ್ಬಮ್ ಫೋಟೋಗೆ ಒಳ್ಳೆಯದಲ್ಲ. ಬಿಡಿಸಲು ಬಂದರೆ ಬಿಡಿಸಿ. ಬರದಿದ್ದರೆ ಎಳೆಯದೆ, ಪುಟ ಸಮೇತ ಫೋಟೋ ಹೊಡೆಯಿರಿ. ಫ್ರೇಮಿನ ಗಾಜಿಗೆ ಅಂಟಿದ್ದಕ್ಕೂ ಇದೇ ದಾರಿ. ಒಂದು ಫೋಟೋಗೆ ಒಂದು ಕಾಗದದ ಕವರ್, ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲಕ್ಕೆ ಮೊದಲು ಆ ಪೊಟ್ಟಣ ಬದಲಾಯಿಸಿ. ಅಟ್ಟ ಬೇಡ, ಹೊರಗೋಡೆಗೆ ಅಂಟಿದ ಬೀರು ಬೇಡ.

ಸ್ಕ್ಯಾನ್ ಮಾಡಿಸುವಾಗ ಪ್ರಿಂಟಿಗೆ ಕನಿಷ್ಠ 600 ಡಿ.ಪಿ.ಐ. (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಕೇಳಿ. 35 ಎಂ.ಎಂ. ನೆಗೆಟಿವ್ ಚಿಕ್ಕದು, ಅದಕ್ಕೆ 3000ದಿಂದ 4000 ಬೇಕು. ಅಂಚಿನ ಅಂಕಿ ಕತ್ತರಿಸದೆ ಪೂರ್ತಿ ಹಿಡಿಯಲು ಹೇಳಿ. ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿಸಿ. ಬಣ್ಣ ತುಂಬುವ ಆಸೆ ಇದ್ದರೆ ಬೇರೆ ಪ್ರತಿಯಲ್ಲಿ ತುಂಬಿ, ‘ಬಣ್ಣ ಈಗ ಸೇರಿಸಿದ್ದು’ ಎಂದು ಬರೆಯಿರಿ. ಆಪ್ ಊಹಿಸಿ ಹಾಕುವ ಬಣ್ಣದಿಂದ ರಾಜಕೀಯ ನಾಟಕಕ್ಕೆ ದೊಡ್ಡ ಅನ್ಯಾಯ ಆಗಬಹುದು. ಬೂದು ಶಾಲನ್ನು ಆಪ್ ಹಸಿರೋ ಕೇಸರಿಯೋ ಮಾಡಿದರೆ ಆ ಪಾತ್ರದ ಪಕ್ಷವೇ ಬದಲಾಗುತ್ತದೆ.

## ಹೆಸರು ಕೇಳಿ ಬರೆಯುವ ಕೆಲಸ

ಎಲ್ಲಕ್ಕಿಂತ ಅವಸರದ್ದು ಇದು. ಫಿಲ್ಮ್ ಇನ್ನೂ ಹತ್ತು ವರ್ಷ ತಡೆಯಬಹುದು. ಅದರಲ್ಲಿ ಇರುವವರು ಯಾರು ಎಂದು ಹೇಳಬಲ್ಲವರಿಗೆ ಅಷ್ಟು ಸಮಯ ಇಲ್ಲದಿರಬಹುದು.

ದೊಡ್ಡ ಪ್ರಿಂಟು ತೆಗೆಸಿಕೊಂಡು ಹೋಗಿ. ಮೊಬೈಲಿನಲ್ಲಿ ತೋರಿಸಿದರೆ ಹಿರಿಯರಿಗೆ ಕಾಣುವುದಿಲ್ಲ. ಪಾರದರ್ಶಕ ಹಾಳೆ ಮೇಲಿಟ್ಟು ಒಬ್ಬೊಬ್ಬರ ಮುಖಕ್ಕೂ ಒಂದು ಅಂಕಿ ಹಾಕಿ, ಬೇರೆ ಕಾಗದದಲ್ಲಿ ಹೆಸರು ಬರೆಯಿರಿ. ‘ಇವರು ಯಾರು?’ ಎಂದು ಮಾತ್ರ ಕೇಳಬೇಡಿ. ‘ಈ ಟೋಪಿ ಎಲ್ಲಿಂದ ತಂದ್ರಿ ಸಾರ್?’, ‘ಇಲ್ಲಿ ಜನ ಯಾಕೆ ನಗ್ತಿದ್ರು?’, ‘ಈ ಮಾತು ಯಾರಿಗೆ ತಾಗಿತು?’ ಎಂದು ಕೇಳಿ. ವಿಡಂಬನೆಯ ಕೀಲಿ ಸಿಗುವುದು ಇಂಥ ಪ್ರಶ್ನೆಗೆ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾರು ಹೇಳಿದ್ದು ಎಂದೂ ಬರೆಯಿರಿ.

ಫೋಟೋದ ಹಿಂದೆ ಬರೆಯಲೇಬೇಕಾದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ. ಬಾಲ್ ಪೆನ್ನಿನ ಗೀರು ಮುಂದೆ ಮೂಡುತ್ತದೆ. ನಾಟಕದ ಹೆಸರು, ತಂಡ, ಊರು, ಜಾಗ, ತಾರೀಖು, ಎಷ್ಟನೆಯ ಪ್ರದರ್ಶನ, ಫೋಟೋ ತೆಗೆದವರು. ಇಷ್ಟು. ಖಚಿತವಿಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ. ಹಾಸನಾಂಬ ಕಲಾಕ್ಷೇತ್ರವೋ, ಕುವೆಂಪು ಕಲಾಮಂದಿರವೋ, ಶಾಲೆಯ ಅಂಗಳವೋ ಎಂಬ ಜಾಗದ ಹೆಸರು ಮರೆಯಬೇಡಿ. ಹ್ಯಾಂಡ್‌ಬಿಲ್, ಟಿಕೆಟ್, ಆಹ್ವಾನ ಪತ್ರಿಕೆ, ಪೇಪರ್ ಕಟಿಂಗ್ ಸಿಕ್ಕರೆ ಜೊತೆಗೇ ಇಡಿ. ತಾರೀಖು ಅಚ್ಚಾಗಿರುವುದು ಅವುಗಳಲ್ಲಿ. ದೆಹಲಿಯಲ್ಲಿ ನೇಮಿಚಂದ್ರ ಜೈನ್ 1989ರಲ್ಲಿ ಶುರು ಮಾಡಿದ ನಟರಂಗ್ ಪ್ರತಿಷ್ಠಾನ ಹೀಗೇ ಫೋಟೋ, ಬ್ರೋಷರ್, ಪೇಪರ್ ಕಟಿಂಗ್‌ಗಳನ್ನು ಒಟ್ಟಿಗೆ ಕೂಡಿಸುತ್ತಾ ಬಂದಿದೆ. ಜಿಲ್ಲೆಯ ಮಟ್ಟದಲ್ಲಿ ಒಂದು ಕಾಲೇಜು ಗ್ರಂಥಾಲಯ ಮನಸ್ಸು ಮಾಡಿದರೂ ಇಷ್ಟನ್ನು ಮಾಡಬಹುದು.

## ಫೋಟೋ ಯಾರದ್ದು?

ಫೋಟೋ ನಿಮ್ಮ ಟ್ರಂಕಿನಲ್ಲಿದೆ ಎಂದರೆ ಹಕ್ಕೂ ನಿಮ್ಮದು ಎಂದಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಆದರೆ ತಂಡದವರು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರು. ಸುಮ್ನೆ ಪ್ರೀತಿಗೆ ಬಂದು ತೆಗೆದಿದ್ದರೆ ಹಕ್ಕು ಫೋಟೋಗ್ರಾಫರದ್ದೇ. 2012ರ ತಿದ್ದುಪಡಿ ನಂತರ ಫೋಟೋಗೂ ಬೇರೆ ಕೃತಿಗಳ ಹಾಗೆ ಕರ್ತೃವಿನ ಜೀವಮಾನ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಎಂಬ ಅವಧಿ ಬಂದಿದೆ. ನಾಟಕದ ಮಾತಿನ ಹಕ್ಕು ನಾಟಕಕಾರರದ್ದು, ಅದು ಬೇರೆಯೇ. ಫೋಟೋ ಅಚ್ಚು ಹಾಕುವುದಕ್ಕೆ ನಾಟಕಕಾರರ ಮನೆಯವರಿಂದ ಒಪ್ಪಿಗೆ ಪಡೆದೆ ಎಂದರೆ ಫೋಟೋಗ್ರಾಫರ ಮನೆಯವರನ್ನು ಕೇಳಿದಂತೆ ಆಗುವುದಿಲ್ಲ.

ಕಾನೂನಿನಲ್ಲಿ ಇಲ್ಲದ ಒಂದು ಮಾತೂ ಇದೆ. ಫೋಟೋದಲ್ಲಿ ಇರುವವರನ್ನು ಕೇಳಿ. ಆಗ ಸರ್ಕಾರಿ ನೌಕರಿಯಲ್ಲಿದ್ದು ಮಂತ್ರಿಯ ಪಾತ್ರ ಮಾಡಿದವರು, ಮನೆಯಲ್ಲಿ ಹೇಳದೆ ಕಾಲೇಜು ನಾಟಕದಲ್ಲಿ ನಟಿಸಿದ ಹೆಣ್ಣುಮಕ್ಕಳು, ಈಗ ಯಾವುದೋ ಪಕ್ಷದಲ್ಲಿ ಇರುವವರು, ಎಲ್ಲರಿಗೂ ಅವರವರ ಕಾರಣ ಇರುತ್ತದೆ. ನೆಟ್‌ಗೆ ಹಾಕುವುದು ಬೇಡ ಎಂದರೆ ಹಾಕಬೇಡಿ. ಹೆಸರು ಬರೆದು ಡಬ್ಬದಲ್ಲಿಡಲು ಅಡ್ಡಿ ಇಲ್ಲವಾ ಎಂದು ಕೇಳಿ, ಬಹಳಷ್ಟು ಜನ ಅದಕ್ಕೆ ಒಪ್ಪುತ್ತಾರೆ. ಹಾಕಬಹುದು ಎಂದವರ ಫೋಟೋ ಕೆಳಗೆ ತೆಗೆದವರ ಹೆಸರು ಹಾಕಿ. ಗೊತ್ತಿಲ್ಲದಿದ್ದರೆ ಸೀಲಿನಲ್ಲಿರುವ ಸ್ಟುಡಿಯೋದ ಹೆಸರನ್ನು ಇದ್ದ ಹಾಗೇ ಬರೆಯಿರಿ. ತಾರೀಖು ಸಿಗುವವರೆಗೆ ‘ಮೊದಲ ಪ್ರಯೋಗ’ ಎಂದು ಹಾಕದೆ ‘ಮೊದಲ ಪ್ರಯೋಗದ್ದು ಇರಬಹುದು’ ಎಂದು ಹಾಕಿ.